ಕನ್ನಡದಲ್ಲಿ ಬೇಡಿದ್ದು, ಮರಾಠಿಯಲ್ಲಿ ಬಂದದ್ದು

ದೇವರಿಗೆ ಎಲ್ಲ ಭಾಷೆಗಳೂ ಬರುತ್ತವೆ. ನನಗೆ ಒಂದೇ ಬರುತ್ತಿತ್ತು. ತೊಡಕು ಶುರುವಾದದ್ದೇ ಅಲ್ಲಿಂದ.

ಬೀದರಿನಿಂದ ನೌಕರಿಗೆಂದು ನಾಶಿಕಕ್ಕೆ ಬಂದು, ದೇವಳಾಲಿ ಕ್ಯಾಂಪಿನಲ್ಲಿ ಮನೆ ಹಿಡಿದ ಮೊದಲ ಭಾನುವಾರ ಹೆಂಡತಿ ಸುಗುಣಾಳೊಂದಿಗೆ ಅಲ್ಲಿಯ ಮರಾಠಿ ಚರ್ಚಿಗೆ ಹೋದೆ. ನಮ್ಮೂರಲ್ಲಿ ಪ್ರಾರ್ಥನೆ ಪಾಸ್ಟರ ಹೊಣೆ. ಆಮೇನ್ ಅನ್ನುವುದಷ್ಟೇ ನಮ್ಮದು. ಇಲ್ಲಿ ಹಾಗಲ್ಲ. ಪಾಳಕರು, ಅಂದರೆ ಇಲ್ಲಿಯ ಪಾಸ್ಟರು, ಹೊಸಬನಾದ ನನ್ನತ್ತ ಕೈ ಮಾಡಿದರು. ಇಡೀ ಸಭೆ ಕಣ್ಣು ಮುಚ್ಚಿ ಕಾಯತೊಡಗಿತು. ಗಾಬರಿಯಲ್ಲಿ ಎದ್ದು ಕನ್ನಡದಲ್ಲೇ ಹೇಳಿಬಿಟ್ಟೆ: "ಕರ್ತನೇ, ಗ್ಯಾಸ್ ಇನ್ನೂ ಬಂದಿಲ್ಲ. ಮೂರು ದಿನದಿಂದ ಬ್ರೆಡ್ ತಿನ್ನುತ್ತಿದ್ದೇವೆ." ಸಭೆ ಗಂಭೀರವಾಗಿ ಆಮೇನ್ ಅಂದಿತು.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಒಂದು ಸಿಲಿಂಡರ್ ನಿಂತಿತ್ತು.

ಅಂದಿನಿಂದ ಪಾಳಕರು ನನಗೆ ಮರಾಠಿ ಕಲಿಯುವ ಒತ್ತಾಯ ಮಾಡಲಿಲ್ಲ. ಒಂಬತ್ತು ವರ್ಷ ಕನ್ನಡದಲ್ಲೇ ಬೇಡಿದೆ. ಜೋಳದ ಹಿಟ್ಟಿಗೆ ಬೇಡಿದೆ, ಬಂತು. ಸುಗುಣಾಳ ಜ್ವರದ ಬಗ್ಗೆ ಹೇಳಿದೆ, ಎರಡು ಹೊತ್ತೂ ಊಟದ ಡಬ್ಬಿ ಬಂತು. ಬೋಧನೆ ಚಿಕ್ಕದಾಗಲಿ ಎಂದೆ, ಮುಂದಿನ ವಾರ ಪಾಳಕರು ಅರ್ಧ ಗಂಟೆಗೇ ಇಳಿದರು. ಇಲ್ಲಿ ಆಮಟಿ ಎಂಬ ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ. ಖಾರ ತಿಂದು ಬೆಳೆದ ನಾಲಿಗೆಗೆ ಅದು ಧರ್ಮಸಂಕಟ. ಅದನ್ನೂ ದೇವರ ಗಮನಕ್ಕೆ ತಂದೆ. ಚರ್ಚಿನ ಊಟದ ಆಮಟಿಯಲ್ಲಿ ಬೆಲ್ಲ ಕಡಿಮೆಯಾಯಿತು.

"ನಿಮ್ಮದು ಪ್ರಾರ್ಥನಾ ಅಲ್ಲರೀ, ಕಿರಾಣಿ ಚೀಟಿ" ಎನ್ನುತ್ತಿದ್ದಳು ಸುಗುಣಾ.

ನಮ್ಮ ಕಡೆ ಕೊಡುವವರು ಮೊದಲು ನಾಲ್ಕು ಪ್ರಶ್ನೆ ಕೇಳಿ, ಐದನೆಯದಕ್ಕೆ ತಾವೇ ಉತ್ತರ ಹೇಳಿ, ಆಮೇಲೆ ಕೊಡುತ್ತಾರೆ. ಇಲ್ಲಿ ಕೇಳುವವರೇ ಇರಲಿಲ್ಲ. ಇವರಿಗೆ ಹೇಗೆ ತಿಳಿಯುತ್ತದೆ ಎಂದು ವಿಚಾರಿಸಿದಾಗಲೆಲ್ಲ ಪಾಳಕರು ಬೆರಳನ್ನು ಮೇಲಕ್ಕೆ ತೋರಿಸುತ್ತಿದ್ದರು.

ಆಮೇಲೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಇಷ್ಟು ವರ್ಷ ಬೇಡಿದ್ದೇ ಆಯಿತು. ಹೊರಡುವ ಮೊದಲು ಒಮ್ಮೆಯಾದರೂ ಇವರಿಗೆ ಅರ್ಥವಾಗುವಂತೆ ಉಪಕಾರ ಸ್ಮರಿಸದಿದ್ದರೆ ಮುಖ ತೋರಿಸುವುದು ಹೇಗೆ? ಇಲ್ಲಿಯ ಶಾಲೆಗೆ ಹೋಗಿ, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುವ ನನ್ನ ಮಗಳು ಒಂದು ಪುಟ ಬರೆದುಕೊಟ್ಟಳು. ವಾರವಿಡೀ ಉರುಹೊಡೆದೆ.

ಕೊನೆಯ ಭಾನುವಾರ ಚೀಟಿ ಹಿಡಿದು ನಿಂತೆ. ಎರಡನೆಯ ಸಾಲು ಮುಗಿದಿರಲಿಲ್ಲ. ಮುಂದಿನ ಬೆಂಚಿನಿಂದ ಕಮಲ್ ಮಾವಶಿ ಕೈಯೆತ್ತಿದರು. ಮಾವಶಿ ಎಂದರೆ ಚಿಕ್ಕಮ್ಮ. ಸಿಪಾಯಿಯೊಬ್ಬರ ವಿಧವೆ; ಚರ್ಚಿನ ಅಡುಗೆಯೆಲ್ಲ ಅವರದೇ.

"ಆ ಚೀಟಿ ಕಿಸೇದಾಗ ಇಡ್ರಿ. ಕನ್ನಡದಾಗ ಮಾಡ್ರಿ, ನಮಗ ಅದ ರೂಢಿ ಆಗೇದ."

ನಾನು ಬೆಂಚು ಹಿಡಿದುಕೊಂಡೆ. "ಮಾವಶಿ, ನಿಮಗ ಕನ್ನಡ…"

"ನಮ್ಮ ತವರ ಅಕ್ಕಲಕೋಟ. ಅಲ್ಲಿ ಮನಿ ಮಾತು ಕನ್ನಡನ."

"ಮತ್ತ ಒಂಬತ್ತು ವರ್ಷ ಹೇಳಲೇ ಇಲ್ಲಲ್ರಿ?"

"ಹೇಳಿದ್ರ ನೀವು ಲೋಕಕ್ಕ ಶಾಂತಿ ಸಿಗಲಿ ಅಂತ ಬೇಡಾಕ ಶುರು ಮಾಡ್ತಿದ್ರಿ. ನಿಮ್ಮನ್ಯಾಗ ಗ್ಯಾಸ್ ತೀರಿದ್ದು ನಮಗ ಹ್ಯಾಂಗ ತಿಳೀಬೇಕು?"

ಗುಟ್ಟು ಮೊದಲೇ ಗೊತ್ತಿದ್ದ ಸಭೆ ನಕ್ಕಿತು. ಪ್ರತಿ ಭಾನುವಾರ ಆರಾಧನೆ ಮುಗಿದು ನಾವು ಮನೆಗೆ ಹೊರಟ ಮೇಲೆ ಮಾವಶಿ ನನ್ನ ಪ್ರಾರ್ಥನೆಯನ್ನು ಅಂಗಳದಲ್ಲಿ ಮರಾಠಿಗೆ ತಿರುಗಿಸಿ ಹೇಳುತ್ತಿದ್ದರಂತೆ. ಯಾರ ಮನೆಯಿಂದ ಏನು ಎಂದು ಅಲ್ಲೇ ಗೊತ್ತಾಗುತ್ತಿತ್ತಂತೆ. ಬೋಧನೆ ಚಿಕ್ಕದಾಗಲಿ ಎಂದದ್ದನ್ನೂ ತಿರುಗಿಸಿದ್ದರು. ಪಾಳಕರು ನನ್ನನ್ನು ನೋಡಿ, ಈ ಸಲ ಬೆರಳನ್ನು ಮಾವಶಿಯತ್ತ ತೋರಿಸಿದರು.

"ಬೆಲ್ಲದ್ದು ಮಾತ್ರ ಯಾರಿಗೂ ಹೇಳಲಿಲ್ಲ" ಎಂದರು ಮಾವಶಿ. "ಸಿಟ್ಟು ಬಂದಿತ್ತು. ಆದ್ರೂ ಕಡಿಮಿ ಮಾಡಿದ್ನಿ."

ಚೀಟಿ ಮಡಚಿ ಕಣ್ಣು ಮುಚ್ಚಿದೆ.  "ಕರ್ತನೇ, ಈ ವಾರ ಏನೂ ಬೇಡ" ಎಂದೆ. ಮೊದಲ ಆಮೇನ್ ಮಾವಶಿಯದು.

ಈಗ ಸಂಭಾಜಿನಗರದಲ್ಲಿದ್ದೇವೆ. ಬೀದರಿಗೆ ಇದು ನಾಶಿಕಕ್ಕಿಂತ ಹತ್ತಿರ. ಇಲ್ಲಿಯ ಚರ್ಚಿನ ಊಟದ ಬೇಳೆಯೂ ನಮ್ಮೂರಿನಂತೆ ಖಾರ, ಬೆಲ್ಲದ ಸುಳಿವಿಲ್ಲ. ಇಷ್ಟೇ ಅಲ್ಲವೇ ನಾನು ಬೇಡಿಕೊಂಡದ್ದು? ಆದರೂ ಮೊನ್ನೆ ಹೊಸ ಚರ್ಚಿನಲ್ಲಿ ಎದ್ದು ನಿಂತು, ಬೇಳೆಗೆ ಚೂರು ಬೆಲ್ಲ ಬೀಳಲಿ ಎಂದು ಕನ್ನಡದಲ್ಲಿ ಪ್ರಾರ್ಥಿಸಿದೆ. ಒಂದು ಕಣ್ಣು ತೆರೆದು ಮುಂದಿನ ಬೆಂಚುಗಳನ್ನೂ ನೋಡಿದೆ. ಎಲ್ಲರೂ ಆಮೇನ್ ಅಂದರು.

ಬೆಲ್ಲ ಬಂದಿಲ್ಲ.