ಗೋದಾ ಮಾಡುತ್ತಿದ್ದ ಗೆಜ್ಜೆವಸ್ತ್ರ

ಬಸವನಗುಡಿಯ ಗೋದಾ ಇಪ್ಪತ್ತು ವರ್ಷದಿಂದ ಗೆಜ್ಜೆವಸ್ತ್ರ ಮಾಡುತ್ತಿದ್ದರು. ಹತ್ತಿಯನ್ನು ಹಿಂಜಿ, ಬೆರಳಲ್ಲಿ ಹೊಸೆದು, ನಡುನಡುವೆ ಕುಂಕುಮ ಹಚ್ಚಿ ದೇವರಿಗೆ ಏರಿಸುವ ಹಾರ. ಗಾಂಧಿಬಜಾರಿನ ಪೂಜಾ ಸಾಮಾನಿನ ಅಂಗಡಿಯವರು ಕೊಂಡು ಮಾರುತ್ತಿದ್ದರು. ಮಾಡಿದವರು ಯಾರೆಂದು ಗಿರಾಕಿಗಳು ಕೇಳುತ್ತಿರಲಿಲ್ಲ. ಹೇಳಬೇಕೆಂದು ಗೋದಾಗೂ ಅನ್ನಿಸಿರಲಿಲ್ಲ. ನಾಲ್ಕು ವರ್ಷದ ಹಿಂದೆ ಗಂಡ ಶೀನಣ್ಣ ತೀರಿಕೊಂಡಾಗ ಹದಿನೈದನೆಯ ದಿನವೇ ಮತ್ತೆ ಹತ್ತಿ ಹಿಡಿದು ಕೂತರು.

ತಂಗಿಯ ಮಗಳು ತನ್ಮಯಿ ಕಾಲೇಜಿಗೆಂದು ಬಂದು ಜೊತೆಗಿದ್ದವಳು ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೇಜ್ ತೆರೆದಳು.

"ದೊಡ್ಡಮ್ಮ, ಈಗ ಜನ ಬರೀ ಸಾಮಾನು ನೋಡಿ ತಗೊಳಲ್ಲ, ಮಾಡೋರ್ನ ನೋಡಿ ತಗೋತಾರೆ. ನಿನ್ ಕಥೆ ಹೇಳು."

ಗೋದಾ ಫೋನಿನ ಮುಂದೆ ಹೇಳಿದರು: "ನಮ್ಮನೆಯವ್ರು ಹೋದ್ಮೇಲೆ ಮನೇಲಿ ಮಾತಾಡೋಕೆ ಯಾರೂ ಇರ್ಲಿಲ್ಲ. ಈ ಹತ್ತೀನೇ ಕೈ ಹಿಡೀತು." ಅಲ್ಲಿ ದನಿ ಒಡೆಯಿತು. ತನ್ಮಯಿ ಅದನ್ನು ಹಾಗೇ ಬಿಟ್ಟಳು.

ವಾರದೊಳಗೆ ಲಕ್ಷಾಂತರ ಜನ ನೋಡಿದರು. ಧಾರವಾಡ, ಮೈಸೂರು, ದುಬೈಯಿಂದೆಲ್ಲ ಆರ್ಡರು. ಹಾಲ್ ತುಂಬ ರಟ್ಟಿನ ಡಬ್ಬಿ. ಗುರುತಿಲ್ಲದವರು ಅಮ್ಮಾ ಎಂದು ಬರೆದದ್ದನ್ನು ಗೋದಾ ಕನ್ನಡಕ ಏರಿಸಿ ಒಂದೊಂದಾಗಿ ಓದುತ್ತಿದ್ದರು. ಎಷ್ಟೋ ದಿನದ ಮೇಲೆ ಅವರು ನಗುತ್ತಿದ್ದುದನ್ನು ತನ್ಮಯಿ ಕಂಡಳು.

ಗೌರಿ ಹಬ್ಬಕ್ಕೆ ಹತ್ತು ದಿನವಿತ್ತು. ಯಾರೋ ಒಬ್ಬಾಕೆ ಬರೆದರು: "ಗಂಡ ಇಲ್ಲದವರು ಮಾಡಿದ್ದನ್ನ ಗೌರಿಗೆ ಏರಿಸಬಹುದಾ? ಇಷ್ಟು ದಿನ ತಗೊಂಡಿದೀನಿ, ಗೊತ್ತೇ ಇರಲಿಲ್ಲ."

ಅದರ ಕೆಳಗೆ ಜಗಳ ಹತ್ತಿಕೊಂಡಿತು. ಬೈಯುವವರು ಬೈದರು, ಗೋದಾ ಪರವಾಗಿ ಸಾವಿರಾರು ಜನ ನಿಂತರು. ಜಗಳ ಹೆಚ್ಚಿದಷ್ಟೂ ವಿಡಿಯೋ ಇನ್ನಷ್ಟು ಮನೆ ಹೊಕ್ಕಿತು. ಪರವಾಗಿ ನಿಂತವರು ಹಾರ ಕೊಳ್ಳಲಿಲ್ಲ. ಕೊಳ್ಳಬೇಕಾದವರು ಸದ್ದಿಲ್ಲದೆ ಆರ್ಡರು ರದ್ದು ಮಾಡಿದರು. ಅಂಗಡಿಯವರೂ ತಲೆ ತಗ್ಗಿಸಿ, "ಅಮ್ಮಾ, ಈ ಸಲ ಬೇಡ. ಗಿರಾಕಿಗಳು ವಿಡಿಯೋ ತೋರ್ಸಿ ಕೇಳ್ತಾರೆ," ಎಂದರು.

ತನ್ಮಯಿ ಪೇಜ್ ಅಳಿಸಿ ಅತ್ತಳು. "ನಾನೇ ಹಾಳು ಮಾಡ್ಬಿಟ್ಟೆ ದೊಡ್ಡಮ್ಮ."

"ನೀನೇನ್ ಮಾಡ್ದೆ? ನಾನ್ ಹೇಳಿದ್ದು ಸುಳ್ಳಲ್ವಲ್ಲ," ಎಂದರು ಗೋದಾ. ಆ ವರ್ಷ ಅವರ ಮನೆಯ ಗೌರಿಯೊಬ್ಬಳಿಗೇ ಅಷ್ಟೂ ಹಾರ ಬಿದ್ದವು.

ದೀಪಾವಳಿ ಕಳೆದ ಮೇಲೆ ತನ್ಮಯಿ ಅಳುಕುತ್ತಲೇ ಇನ್ನೊಂದು ಮಾತೆತ್ತಿದಳು. ಹೊಸ ಹೆಸರಲ್ಲಿ ಹೊಸ ಪೇಜ್. ಮುಖ ಬೇಡ, ಮಾತು ಬೇಡ, ಕೈ ಮಾತ್ರ. ಗೋದಾ ತಮ್ಮ ಬೋಳು ಮುಂಗೈ ನೋಡಿಕೊಂಡರು. ಬೀರುವಿನಿಂದ ತಮ್ಮ ಹಸಿರು ಬಳೆ ತೆಗೆದು ಹುಡುಗಿಯ ಕೈಗೆ ತಾವೇ ತೊಡಿಸಿದರು.

ಅಲ್ಲಿಂದಾಚೆಗೆ ಗೋದಾ ಹೊಸೆದದ್ದಕ್ಕೆ ತನ್ಮಯಿ ಕ್ಯಾಮೆರಾ ಮುಂದೆ ಕೊನೆಯ ಗಂಟು ಹಾಕುತ್ತಿದ್ದಳು. ಆರ್ಡರು ತಿರುಗಿ ಬಂದವು, ಮೊದಲಿಗಿಂತ ಜಾಸ್ತಿಯೇ. "ಎಂಥ ಲಕ್ಷಣವಾದ ಕೈ, ಮುತ್ತೈದೆ ಕೈ ಅಂತ ನೋಡಿದ್ರೇ ಗೊತ್ತಾಗತ್ತೆ," ಎಂದು ಒಬ್ಬರು ಬರೆದರು. ಮದುವೆಯೇ ಆಗದ ತನ್ಮಯಿ ಅದನ್ನು ಬಚ್ಚಿಡಲು ನೋಡಿದಳು. ಗೋದಾ ಆಗಲೇ ಓದಿದ್ದರು.

"ಇನ್ಮೇಲೆ ನಂಗೆ ತೋರಿಸ್ಬೇಡ ಮರಿ. ಅಡ್ರೆಸ್ ಮಾತ್ರ ಓದು, ಬರ್ಕೋತೀನಿ."

ವಿಡಿಯೋ ತೆಗೆಯುವಾಗ ಅವರು ಅಡುಗೆಮನೆ ಬಾಗಿಲ ಹಿಂದೆ ಹತ್ತಿ ಹಿಂಜುತ್ತ ಕೂರುತ್ತಿದ್ದರು. ಕೆಮ್ಮು ಬಂದರೆ ಸದ್ದು ಕೇಳೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.