ಟಾಟಾ ಮಾಡಿದರೆ ನಿಲ್ಲದ ರೈಲು

ಬುಧವಾರ, ಬೆಳಗಿನ ಆರೂವರೆ. ನಮ್ಮ ಪಂತಿವ್ರಾನ್ ಹಳ್ಳಿಯ ಪುಟ್ಟ ರೈಲು ನಿಲ್ದಾಣದಿಂದ ಕುರಿಗಳನ್ನು ಪೊರಕೆಯಲ್ಲೇ ಅಟ್ಟುತ್ತಿದ್ದಾರೆ ಮೆರೆರಿಡ್ ಪ್ಯೂ. ಇವತ್ತು ಜೊತೆಗೆ ನಾನೂ ಬಂದಿದ್ದೇನೆ. ಆಕೆಗೆ ವಯಸ್ಸು ಅರವತ್ತೊಂಬತ್ತು. ರಜೆಗೆ ಬಂದವರು ತಂಗುವ ನಾಲ್ಕು ಮನೆಗಳನ್ನು ತೊಳೆದು, ಹಾಸಿಗೆ ಬದಲಿಸುವುದು ಅವರ ಕೆಲಸ. ದಿನಾ ಇಲ್ಲಿ ಬಂದು ರೈಲು ನಿಲ್ಲಿಸುವುದು ಮಾತ್ರ ಯಾರೂ ಹೇಳದೆ ತಲೆ ಮೇಲೆ ಹೊತ್ತುಕೊಂಡದ್ದು.

ಕೈ ಚಾಚಿದರಷ್ಟೇ ರೈಲು ಇಲ್ಲಿ ನಿಲ್ಲುತ್ತದೆ. ಪರವೂರಿನವರಿಗೆ ಇದೆಲ್ಲಿ ಗೊತ್ತು?

"ಪಾಪ, ಸಾಲಾಗಿ ನಿಂತ್ಕೊಂಡು ಟಾಟಾ ಮಾಡ್ತಾರೆ. ಡ್ರೈವರೂ ಖುಷಿಯಾಗಿ ಟಾಟಾ ಮಾಡಿ ಹೋಗೇಬಿಡ್ತಾನೆ!" ಎಂದು ಮೆರೆರಿಡ್ ನಗುತ್ತಾರೆ.

ನಗು ಬೇಗ ಆರುತ್ತದೆ. ವರ್ಷಕ್ಕೆ ಎಂಟುನೂರು ಜನ ಹತ್ತಿಳಿಯದಿದ್ದರೆ ನಿಲ್ದಾಣ ಮುಚ್ಚುತ್ತೇವೆಂದು ರೈಲಿನವರು ಬರೆದಿದ್ದಾರೆ. ಇನ್ನೂ ಇನ್ನೂರು ಬಾಕಿ. ಬಸ್ಸಿಲ್ಲ. ಮುಂದಿನ ಪಟ್ಟಣದ ವೃದ್ಧಾಶ್ರಮದಲ್ಲಿ ಅವರ ಅಕ್ಕ ತೆಗ್ವೆನ್ ಇದ್ದಾರೆ; ಪ್ರತಿ ಬುಧವಾರ ನೋಡಲು ಹೋಗುತ್ತಾರೆ.

"ಅವ್ಳು ನನ್ನ ಹೆಸ್ರು ಮರೀತಾಳೆ, ಬುಧವಾರ ಮರೆಯಲ್ಲ. ಈ ರೈಲೂ ಹೋದ್ರೆ ಹೆಂಗೆ ಹೋಗ್ಲಿ? ಹನ್ನೊಂದು ಮೈಲಿ ತೆವಳ್ಕೊಂಡಾ?"

ಅಷ್ಟರಲ್ಲಿ ರಜೆ ಮುಗಿಸಿದ ದಂಪತಿ ಬರುತ್ತಾರೆ. ಟೋಪಿ ಹಾಕಿದ ದಪ್ಪ ಯಜಮಾನರಿಗೆ ಮೆರೆರಿಡ್ ಪಾಠ ಹೇಳುತ್ತಾರೆ: "ಕೈ ನೆಟ್ಟಗೆ ಚಾಚ್ಬೇಕು, ಅಲ್ಲಾಡಿಸ್ಬಾರ್ದು."

"ರೈಲಿಗೂ ಕೈ ಅಡ್ಡ ಹಾಕೋದಾ? ತಮಾಷೆ ಮಾಡ್ತೀರಾ!"

ಉತ್ತರ ಕೊಡುವ ಮೊದಲೇ ಮೆರೆರಿಡ್ ಹಣೆ ಚಚ್ಚಿಕೊಳ್ಳುತ್ತಾರೆ. ಅಕ್ಕನಿಗೆಂದು ಮಾಡಿದ ಒಣದ್ರಾಕ್ಷಿ ರೊಟ್ಟಿ ಮನೆಯ ಮೇಜಿನ ಮೇಲೇ ಉಳಿದಿದೆ! ಮನೆಗೆ ಓಡುತ್ತಾರೆ, ಹಿಂದೆ ನಾನು. ರೊಟ್ಟಿ ಬಗಲಲ್ಲಿಟ್ಟು ಗೇಟಿನ ಹತ್ತಿರ ಬರುವಾಗ ರೈಲು ತಿರುವಿನಲ್ಲಿ ಕಾಣುತ್ತದೆ. ನಿಲ್ದಾಣ ಇನ್ನೂ ನೂರು ಹೆಜ್ಜೆ.

"ಹೋಯ್ತು. ಅಕ್ಕ ಕಾಯ್ತಾಳಲ್ಲೋ," ಎನ್ನುವಾಗ ಅವರ ಕಣ್ಣಲ್ಲಿ ನೀರು.

ಆದರೂ ಓಡಿ ನಿಲ್ದಾಣ ತಲುಪಿದರೆ, ರೈಲು ನಿಂತಿದೆ. ಯಜಮಾನರ ಪೆಟ್ಟಿಗೆಗಳು ನೆಲದಲ್ಲಿ ಬಿದ್ದಿವೆ, ಕೈ ನೆಟ್ಟಗೆ ಚಾಚಿದೆ. ರೈಲು ನಿಂತ ಮೇಲೂ ಅವರು ಕೈ ಇಳಿಸಿಲ್ಲ. ಹೆಂಡತಿ ಹೊಟ್ಟೆ ಹಿಡಿದು ನಗುತ್ತಿದ್ದಾರೆ.

"ದಿನಾ ಇರೋ ಸಿಗ್ನಲ್ ಕಂಬ ಇವತ್ತು ದಪ್ಪ ಆಗಿದೆಯಲ್ಲಕ್ಕಾ!" ಎನ್ನುತ್ತಾನೆ ಗಾರ್ಡ್ ಎಲ್ವೆಡ್.

"ಬಾಯ್ಮುಚ್ಚು, ನಾಲ್ಕು ಜನ ಅಂತ ಬರ್ಕೋ!"

ರೈಲು ಹತ್ತಿ, ರೊಟ್ಟಿಯನ್ನು ತೊಡೆಯ ಮೇಲಿಟ್ಟು ಕೂತ ಮೆರೆರಿಡ್ ಬಹಳ ಹೊತ್ತು ಏದುಸಿರು ಬಿಡುತ್ತಾರೆ. ನಿಮ್ಮ ಆಸೆಯೇನು ಎಂದು ಪಕ್ಕದಲ್ಲಿ ಕೂತ ನಾನು ಕೇಳುತ್ತೇನೆ.

"ನಾನು ಬರದ ದಿನಾನೂ ಇಲ್ಲಿ ರೈಲು ನಿಲ್ಬೇಕು, ಅಷ್ಟೇ ಕಣೋ. ಇವತ್ತು ನಿಂತಿತು, ನೋಡಿದ್ಯಲ್ಲ?"