ಖೋ ಬೇಡವೆಂದ ಹುಡುಗಿ

ಉಳಿದ ಹುಡುಗಿಯರ ಲಂಗದ ಅಂಚಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. ಅವಳ ಲಂಗಕ್ಕೆ ಮಾತ್ರ ಹಿಂದುಗಡೆ ತಟ್ಟೆಯಗಲದ ಒಂದೇ ಗುರುತು. ಖೋ-ಖೋ ಸಾಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕು. ಇವಳು ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿದ್ದಳು.

ಅವಳನ್ನು ಸಾಲಿಗೆ ತಂದವಳು ನಾನೇ. ಎರಡನೇ ಮಹಾಯುದ್ಧದ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮುಳಬಾಗಿಲಿನ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಸೇರಿದ್ದೆ. ಶ್ರೀನಿವಾಸಪುರದ ಶಾಲೆಯವರು ಪಂದ್ಯಕ್ಕೆ ಕರೆದರು. ತಂಡಕ್ಕೆ ಒಂಬತ್ತು ಜನ ಬೇಕು, ನಮ್ಮಲ್ಲಿ ಎಂಟೇ. ಮಿಕ್ಕವರನ್ನು ಮನೆಯಲ್ಲಿ ಬಿಡಲಿಲ್ಲ. ಇವಳ ಮನೆಯವರು ಒಪ್ಪಿದರು, ಇವಳೇ ಒಪ್ಪಲಿಲ್ಲ.

"ನನ್ ಕೈಲಿ ಓಡಕ್ಕಾಗಲ್ಲ ಟೀಚರಮ್ಮ. ಮೆಟ್ಲು ಹತ್ತಿದ್ರೇ ಏದುಸ್ರು ಬರ್ತದೆ."

"ಒಂಬತ್ತು ಜನದಲ್ಲಿ ಎಂಟು ಜನ ಕೂತೇ ಇರ್ತಾರೆ ಕಣೇ," ಎಂದೆ. ಸುಳ್ಳಲ್ಲ. ಅಟ್ಟುವ ಸರದಿಯಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಅದು ನಿಜ.

ಅವಳು ಯೋಚಿಸಿದಳು. "ಬಸ್ಸಲ್ಲಿ ಹೋಗೋದಾ?"

"ಬಸ್ಸಲ್ಲೇ."

"ಹಂಗಾದ್ರೆ ಕೂತ್ಕೋತೀನಿ. ನಂಗೆ ಖೋ ಮಾತ್ರ ಕೊಡ್ಬಾರ್ದು."

ತಂಡದ ನಾಯಕಿಗೆ ಈ ಕರಾರು ಬಹಳ ಹಿಡಿಸಿತು. ಅಭ್ಯಾಸದಲ್ಲೆಲ್ಲ ಇವಳೊಬ್ಬಳನ್ನು ಬಿಟ್ಟು ಉಳಿದವರಿಗೆ ಖೋ ಕೊಟ್ಟಳು. ನಾನೂ ಸುಮ್ಮನಿದ್ದೆ, ಹೇಗೋ ಸಾಲು ತುಂಬಿತ್ತು.

ಶ್ರೀನಿವಾಸಪುರದ ಹುಡುಗಿಯರಿಗೆ ಗುಟ್ಟು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಟ್ಟುವವಳು ಬೆನ್ನಿಗೆ ಬಂದು ಖೋ ಎಂದರೆ ತಾನೇ ಕೂತವಳು ಏಳುವುದು? ಇವಳಿಗೆ ಯಾರೂ ಖೋ ಎನ್ನುವುದಿಲ್ಲ. ಅವರ ಕಡೆಯ ಚೂಟಿ ಹುಡುಗಿಯೊಬ್ಬಳು ಇವಳ ಮುಂದೆಯೇ ಬಂದು ನಿಂತು, ನಿಧಾನವಾಗಿ ಜಡೆ ಸರಿಮಾಡಿಕೊಂಡಳು.

"ನಿನ್ ನೆಳ್ಳು ಚೆನ್ನಾಗೈತಮ್ಮ. ಒಂದ್ ಗಳಿಗೆ ನಿಂತ್ಕೋತೀನಿ."

ಇವಳ ಕಿವಿ ಕೆಂಪಾಯಿತು. ಸಿಟ್ಟು ಬಂದರೆ ಅವಳ ಬಾಯಲ್ಲಿ ಮೊದಲು ಬರುವುದು ತೆಲುಗು. "ನಾಕಿಯ್ಯವೇ!" ಎಂದು ಆಗ ಅಟ್ಟುತ್ತಿದ್ದ ನಾಯಕಿಯತ್ತ ಕೂಗಿದಳು. "ನಂಗ್ ಕೊಡೇ ಖೋ! ಕೊಡೇ ಅಂದ್ರೆ!"

ನಾಯಕಿ ಅವಳನ್ನು ದಾಟಿಯೇ ಹೋದಳು. ಕೂಗು ಮೈದಾನದಾಚೆಗೂ ಕೇಳುವಷ್ಟಾದ ಮೇಲೆ, ಬಾಯಿ ಮುಚ್ಚಿಸಲೆಂದೇ ಖೋ ಕೊಟ್ಟಳು.

ಚಕ್ಕಳಮಕ್ಕಳದಿಂದ ಏಳುವುದಕ್ಕೇ ಅವಳಿಗೆ ಹೊತ್ತು ಹಿಡಿಯಿತು. ಎದ್ದಮೇಲೆ ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು ಓಡಿದಳು. ನಗುತ್ತಿದ್ದ ಚೂಟಿ ಹುಡುಗಿ ಇನ್ನೇನು ಸಿಕ್ಕಿಯೇಬಿಟ್ಟಳು ಎನ್ನುವಾಗ ತಪ್ಪಿಸಿಕೊಂಡಳು. ಇವಳು ನಿಲ್ಲಲಿಲ್ಲ. ಇನ್ನೊಬ್ಬರಿಗೆ ಖೋ ಕೊಡಬೇಕೆಂಬುದೂ ನೆನಪಿರಲಿಲ್ಲ. ಕಂಬ ದಾಟಿ, ಗೆರೆ ದಾಟಿ, ಹುಣಸೆಮರದಡಿ ಕೂತಿದ್ದ ತಾಯಂದಿರ ನಡುವೆ ನುಗ್ಗಿದಳು. ಪಂದ್ಯ ನಡೆಸುತ್ತಿದ್ದ ಡ್ರಿಲ್ ಮೇಷ್ಟ್ರು ಸೀಟಿ ಊದಿ ಊದಿ ದಣಿದರು. ನಾವು ಸೋತೆವು.

ವಾಪಸಾಗುವಾಗ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಏರಿನಲ್ಲಿ ತೇಕುತ್ತಿತ್ತು. ನಾಯಕಿ ನನ್ನ ಪಕ್ಕ ಬಂದು ಕೂತಳು. "ಅವಳನ್ನ ತೆಗೆದ್ಹಾಕಿ ಟೀಚರಮ್ಮ. ಅವಳಿದ್ರೆ ನಾವು ಗೆಲ್ಲಲ್ಲ."

ಹಿಂದಿನ ಸೀಟಿನಿಂದ ಅವಳ ದನಿ ಕೇಳುತ್ತಿತ್ತು. "ಇನ್ನೊಂದ್ ಗೇಣಿತ್ತು ಕಣೇ, ಹಿಡ್ದೇಬಿಡ್ತಿದ್ದೆ!"

"ಗೇಣೇನೇ? ಒಂದ್ ಮಾರು ದೂರ ಇತ್ತು!" ಎಂದಳು ಪಕ್ಕದವಳು.

"ನಿಂಗೇನ್ ಗೊತ್ತು? ಓಡಿದ್ದು ನಾನು."

ನಾಯಕಿ ನನ್ನ ಮುಖ ನೋಡಿದಳು. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ, ಪ್ರಾರ್ಥನೆಗೆ ಮೊದಲೇ, ಎಲ್ಲರನ್ನೂ ಮೈದಾನಕ್ಕೆ ಕರೆದೆ. ನಾಯಕಿಯನ್ನು ಸಾಲಿನ ನಡುವೆ ಕೂರಿಸಿದೆ. ಖೋ ಬೇಡವೆಂದಿದ್ದವಳನ್ನು ಕಂಬದ ಪಕ್ಕ ನಿಲ್ಲಿಸಿ, ಇವತ್ತು ಮೊದಲು ಅಟ್ಟುವವಳು ನೀನೇ ಎಂದು ಹೇಳಿ, ಸೀಟಿ ಊದಿದೆ.